ಮೀರಾಳ ಪಾಟಿಚೀಲ

ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಿಸಿಯೂಟದ ಒಲೆ ಹೊಸದಾಗಿ ಹೊತ್ತಿದ್ದ ಕಾಲವದು. ಭಾಲ್ಕಿ ತಾಲ್ಲೂಕಿನ ನಮ್ಮೂರಿನಲ್ಲಿ, ಸಾರಿನ ಒಗ್ಗರಣೆಯ ವಾಸನೆ ಕಿಟಕಿಯಿಂದ ಬಂತೆಂದರೆ ಗಣಿತದ ಪಾಠ ಮುಗಿದಂತೆಯೇ. ನಾನು ಐದನೇ ತರಗತಿಯ ಮಾನಿಟರ್. ಆದರೂ ಭಾಗಾಕಾರದಲ್ಲಿ ನನ್ನನ್ನು ಸದಾ ಸೋಲಿಸುತ್ತಿದ್ದವಳು ಸುನಂದಾ.

ಒಮ್ಮೆ ಕುಂಟೆಬಿಲ್ಲೆ ಆಡುವಾಗ ಅವಳ ಪಾಟಿಚೀಲ ಮಗುಚಿತು. ಪುಸ್ತಕಗಳ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಬಿಸಿಯೂಟದ ಅನ್ನ.

"ಯಾರ ಮುಂದೂ ಹೇಳಬ್ಯಾಡೋ. ಅವ್ವಗ ಆರಾಮಿಲ್ಲ," ಎಂದಳು.

"ವಿದ್ಯಾ ಮುಟ್ಟಿ ಹೇಳ್ತೇನಿ, ಹೇಳಂಗಿಲ್ಲ," ಎಂದು ಅವಳ ಗಣಿತ ಪುಸ್ತಕದ ಮೇಲೆಯೇ ಕೈಯಿಟ್ಟೆ.

ಕೆಲವು ದಿನಗಳ ನಂತರ ಬೀದರದಿಂದ ಒಬ್ಬ ಅಕ್ಕೋರು ಬಂದರು. ಶಾಲೆ, ಮನೆಗಳ ಬಗ್ಗೆ ಮಕ್ಕಳು ಏನೆಂದುಕೊಂಡಿದ್ದಾರೆಂದು ಕಥೆ ಹೇಳಿಸಿ ತಿಳಿಯುವುದು ಅವರ ಕೆಲಸ. ಒಬ್ಬ ಹುಡುಗಿಯ ಚಿತ್ರ ಎತ್ತಿ ಹಿಡಿದರು.

"ಇಕಿ ಮೀರಾ. ತನ್ನ ಚೀಲ ಯಾರಿಗೂ ಮುಟ್ಟಗೊಡಂಗಿಲ್ಲ. ಯಾಕ? ಕಥಿ ನೀವ ಮುಗಸ್ರಿ. ಕಥಿಯೊಳಗ ತಪ್ಪು ಅನ್ನೋದಿಲ್ಲ. ಚಲೋ ಹೇಳ್ದವರಿಗಿ ಈ ಸ್ಕೆಚ್ ಪೆನ್ ಡಬ್ಬಿ."

"ಹಾವಿನ ಮರಿ ಇಟ್ಟಾಳ್ರಿ!"

"ಅವರಪ್ಪನ ಬೀಡಿ ಕದ್ದಾಳ್ರಿ!"

ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಎದ್ದು ನಿಂತೆ.

"ಅನ್ನ ಇಟ್ಟಾಳ್ರಿ. ಅವರವ್ವ ಮಲಗಿದಾಕಿ ಏಳವಲ್ಲಳು. ಅಪ್ಪ ಜಹೀರಾಬಾದಿಗಿ ಹೋದಾವ ಹೊಳ್ಳಿ ಬಂದಿಲ್ಲ."

"ಮುಂದ?" ಅಕ್ಕೋರು ಸರಸರ ಬರೆದುಕೊಳ್ಳುತ್ತಿದ್ದರು.

"ಆಕಿ ಪುಸ್ತಕಕ್ಕ ಸಾರಿನ ವಾಸನಿ ಬರ್ತದರಿ."

ಅಲ್ಲಿಗೆ ಎಲ್ಲ ತಲೆಗಳೂ ಸುನಂದಾಳತ್ತ ತಿರುಗಿದವು. ಅವಳು ಚೀಲವನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿದಳು. ಹನ್ನೆರಡು ಬಣ್ಣದ ಪೆನ್ನುಗಳು ನನ್ನ ಕೈಗೆ ಬಂದವು. ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರರೂ ಕಥೆ ಕೇಳಿದ್ದರು.

ಮರುದಿನ ಊಟವಾದ ಮೇಲೆ ಅವರು ನಮ್ಮನ್ನು ಸಾಲಾಗಿ ನಿಲ್ಲಿಸಿದರು. "ಸಾಲಿ ಅನ್ನ ಸಾಲ್ಯಾಗೇ ತಿನ್ಬೇಕು. ಮನಿಗಿ ಒಯ್ಯಂಗಿಲ್ಲ. ಲೇ ಮಾನಿಟರ್, ಚೀಲ ನೋಡು ಎಲ್ಲಾರ್ದು."

ನಾನು ಎಲ್ಲರ ಚೀಲ ನೋಡಲಿಲ್ಲ. ನೇರವಾಗಿ ಅವಳ ಹತ್ತಿರ ಹೋದೆ. ಅವಳು ಹಿಡಿದಳು, ನಾನು ಎಳೆದೆ. ಅನ್ನ ಇನ್ನೂ ಬಿಸಿಯಿತ್ತು. ನೆಲಕ್ಕೆ ಬಿದ್ದದ್ದನ್ನು ಕೋಳಿಗಳು ಹೆಕ್ಕತೊಡಗಿದವು.

"ಮೀರಾ! ಮೀರಾ!" ಹುಡುಗರು ಕುಣಿದರು.

ಸುನಂದಾ ಅಳಲಿಲ್ಲ. "ಕಥಿ ಮುಗೀತೇನೋ? ಇಲ್ಲಾ ಇನ್ನಾ ಅದ?" ಎಂದಳು.

ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ. ತೊಗರಿ ಕೊಯ್ಲಿನವರ ಗುಂಪಿನ ಹಿಂದೆ, ಅವ್ವನ ಕುಡುಗೋಲು ಹಿಡಿದು ಹೋಗುವುದನ್ನು ಒಮ್ಮೆ ಕಂಡೆ. ಪೆನ್ನುಗಳು ಅಷ್ಟರೊಳಗೆ ಒಣಗಿದ್ದವು. ಆ ವರ್ಷ ತರಗತಿಗೆ ನಾನೇ ಮೊದಲು.

ವಿಶ್ವವಿದ್ಯಾಲಯದಲ್ಲಿ ಓದಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ: ನೆನಪನ್ನು ಸಾಕ್ಷಿಯಾಗಿ ನಂಬಬಾರದು. 'ಕಥಿ ಮುಗೀತೇನೋ' ಎಂಬ ಮಾತನ್ನು ಸುನಂದಾ ಆಡಿಯೇ ಇರಲಿಕ್ಕಿಲ್ಲ. ಚಂದವಾಗಿದೆಯೆಂದು ಆಮೇಲೆ ನಾನೇ ಅವಳ ಬಾಯಿಗೆ ಇಟ್ಟಿರಬಹುದು. ಬಹುಮಾನಕ್ಕಾಗಿ ಹೇಳಿದೆನೋ, ಭಾಗಾಕಾರದ ಹೊಟ್ಟೆಕಿಚ್ಚಿಗೆ ಹೇಳಿದೆನೋ, ಅದೂ ತಿಳಿಯದು. "ಹುಚ್ಚಾ, ಚೀಲಕ್ಕ ಕೈ ಹಾಕಿದಾವ ಮಾಸ್ತರ. ನೀ ಅಲ್ಲ," ಎನ್ನುತ್ತಾಳೆ ನಮ್ಮವ್ವ. ನಂಬಲು ಬಹಳ ಪ್ರಯತ್ನಿಸಿದ್ದೇನೆ. ಆದರೆ ಆ ಅನ್ನದ ಬಿಸಿ ನನ್ನ ಅಂಗೈಗೆ ಹೇಗೆ ಗೊತ್ತು?

ಹೋದ ತಿಂಗಳು ಬೀದರದ ಅಂಚಿನ ಕೊಳಾರದಲ್ಲಿ ಕಾರ್ಖಾನೆಯೊಂದರ ಪಾಳಿ ಬಿಟ್ಟಿತ್ತು. ಹೊರಬಂದ ಹೆಂಗಸರಲ್ಲಿ ಒಬ್ಬಳ ನಡಿಗೆ ಕಂಡು, "ಸುನಂದಾ," ಎಂದೆ. ಅವಳು ನಿಂತಳು.

"ನನ್ನ ಗುರ್ತು ಸಿಕ್ತೇನ್ರಿ? ಒಂದೇ ಸಾಲಿ ನಾವು."

ನನ್ನ ಮುಖ ನೋಡಿದಳು.

"ಇಲ್ರಿ. ನಾ ಸಾಲಿ ಕಲ್ತಿಲ್ಲ."

ಬೇರೆ ಯಾರೋ ಇರಬೇಕೆಂದು ನಾನು ಹಿಂದೆ ಸರಿಯುವುದರಲ್ಲಿದ್ದೆ. ಅಷ್ಟರಲ್ಲಿ ಅವಳು ನನ್ನ ಕಡೆಗಿದ್ದ ಹೆಗಲಿನಿಂದ ಊಟದ ಚೀಲ ತೆಗೆದು ಆಚೆ ಹೆಗಲಿಗೆ ಹಾಕಿಕೊಂಡಳು. ಮೊಣಕೈಯಿಂದ ಅದನ್ನು ಬಿಗಿಯಾಗಿ ಒತ್ತಿ ಹಿಡಿದು ಆಟೋ ಹತ್ತಿದಳು.