ಕಂಚಿನ ಹದ್ದಿಗೆ ಕೊನೆಯ ಸ್ಥಾನ

ಸೈರನ್ ಅಕ್ಕ ಹುಟ್ಟಾ ಪುಕ್ಕಲಿ. ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದಳು. ಫೋನು ಒಂದು ಸಲ ಹೊಡೆದುಕೊಂಡು ನಿಂತುಹೋದರೆ ಸಾಕು, ಯಾರಿಗೆ ಏನಾಯಿತೋ ಎಂದು ಕೈಕಾಲು ತಣ್ಣಗಾಗುತ್ತಿತ್ತು. ಮಗಳು ಕೆಲಸದಿಂದ ಬರುವುದು ಸ್ವಲ್ಪ ತಡವಾದರೆ ಆಸ್ಪತ್ರೆ, ಪೊಲೀಸ್ ಸ್ಟೇಷನ್ನು ಎಲ್ಲವನ್ನೂ ಮನಸ್ಸಿನಲ್ಲೇ ಸುತ್ತಿ ಬಂದುಬಿಡುತ್ತಿದ್ದಳು. ಮಗಳು ನರ್ಸು, ದಿನಾ ಇರುವುದೇ ಆಸ್ಪತ್ರೆಯಲ್ಲಿ ಅನ್ನುವುದು ಆಗ ಅವಳಿಗೆ ನೆನಪಾಗುತ್ತಿರಲಿಲ್ಲ.

ಇಂಥವಳ ಹೊಟ್ಟೆಪಾಡು ನಡೆದದ್ದು ಹೆದರಿಕೆಯಿಂದಲೇ. ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳ ಕೆಲಸ ಕಿರುಚುವುದು. ಬೇರೆ ಭಾಷೆಯಿಂದ ಬರುವ ಸೂಪರ್‌ಹೀರೋ ಸಿನಿಮಾಗಳಿಗೆ ದನಿ ಕೂಡಿಸುವಾಗ ಹೀರೋಗೆ ಒಬ್ಬ ದಪ್ಪ ಗಂಟಲಿನವನು ಸಿಗುತ್ತಾನೆ, ವಿಲನ್‌ಗೆ ಇನ್ನೊಬ್ಬ. ಆದರೆ ಕಟ್ಟಡ ಉರುಳುವಾಗ, ಬಸ್ಸು ಸೇತುವೆಯಿಂದ ನೇತಾಡುವಾಗ ಕೆಳಗೆ ಜನ ಓಡುತ್ತಾರಲ್ಲ, ಅವರೂ ಬಾಯಿ ಬಿಡಬೇಕು ತಾನೆ? ಆ ಊರಿಗೆ ಊರೇ ಸೈರನ್ ಅಕ್ಕ ಮತ್ತು ಅವಳಂಥ ನಾಲ್ಕಾರು ಮಂದಿ. ಒಂದೇ ಮೈಕಿನ ಸುತ್ತ ನಿಂತು ಹೋ ಎನ್ನುತ್ತಿದ್ದರು. ಅದರಲ್ಲೂ ಒಂದು ಮಾತನ್ನು ಸೌಂಡ್ ಇಂಜಿನಿಯರ್ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. "ಅಯ್ಯೋ, ಮಗು ಒಳಗಿದೆ, ಯಾರಾದ್ರೂ ಬನ್ನಿ." ಇಂಥ ಸಿನಿಮಾ ಎಂದಮೇಲೆ ಎಲ್ಲೋ ಒಂದು ಮಗು ಒಳಗೆ ಇದ್ದೇ ಇರುತ್ತದೆ. ಅವಳು ಆ ಮಾತು ಕೂಗಿದರೆ ಗಾಜಿನಾಚೆ ಕೂತವರ ಮೈ ಜುಮ್ಮೆನ್ನುತ್ತಿತ್ತು. ಅದು ನಟನೆಯಲ್ಲ, ಅವಳು ನಿಜಕ್ಕೂ ಹೆದರುತ್ತಿದ್ದಳು.

ಅಭ್ಯಾಸ ಮಾಡುತ್ತಿದ್ದದ್ದು ಮನೆಯಲ್ಲಿ. ಮೂರನೇ ಮಹಡಿಯಲ್ಲಿ ಅಡುಗೆಮನೆಗೆ ಅಂಟಿಕೊಂಡು ಬೀದಿಯತ್ತ ತೆರೆದ ಬಾಲ್ಕನಿ, ಬಟ್ಟೆ ಒಗೆಯುವ ಮಷಿನ್ನು, ಬಕೆಟ್ಟು, ಮಧ್ಯೆ ಇವಳು. ಮಧ್ಯಾಹ್ನ ಊಟವಾದ ಮೇಲೆ ಶುರುಮಾಡಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಮೊದಮೊದಲು ಯಾರೋ ಗಾಬರಿಬಿದ್ದು ಅಗ್ನಿಶಾಮಕದವರನ್ನೇ ಕರೆಸಿಬಿಟ್ಟಿದ್ದರು. ನಾಚಿ ನೀರಾದ ಅಕ್ಕ ಮರುದಿನ ಮನೆಮನೆಗೂ ಹೋಗಿ ಹೇಳಿ ಬಂದಳು, "ನಾನು ಕೂಗಿದ್ರೆ ಗಾಬರಿ ಆಗ್ಬೇಡಿ, ಅದು ನನ್ನ ಕೆಲಸ." ಜನ ಒಳ್ಳೆಯವರು, ಹೇಳಿದ ಮಾತು ಕೇಳಿದರು. ಸೈರನ್ ಅಕ್ಕ ಎಂಬ ಹೆಸರೂ ಅವತ್ತೇ ಬಿತ್ತು. ಮಗಳ ಮಗಳು ಪುಟ್ಟಿ ಹುಟ್ಟಿದ ಮೇಲಂತೂ ಆ ಕೂಗೇ ಜೋಗುಳವಾಯಿತು. ಅಜ್ಜಿ ಬಾಲ್ಕನಿಯಲ್ಲಿ ಪ್ರಾಣ ಹೋಗುವಂತೆ ಅರಚುತ್ತಿದ್ದರೆ ಮೊಮ್ಮಗಳು ನಡುಮನೆಯ ಚಾಪೆಯ ಮೇಲೆ ಬೆರಳು ಚೀಪುತ್ತ ನಿದ್ದೆ ಹೋಗುತ್ತಿದ್ದಳು.

ಇಷ್ಟು ಕೂಗಿ ಕೂಗಿ ಅವಳಿಗೆ ಆ ಸಿನಿಮಾಗಳ ಹುಚ್ಚು ಹಿಡಿದಿತ್ತು. ಬಿಡುಗಡೆಯಾದ ವಾರವೇ ಹೋಗಿ ನೋಡುವಳು, ಬಂದು ಯಾವುದು ಮೊದಲು, ಯಾವುದು ಕೊನೆ ಎಂದು ಸ್ಥಾನ ಹಂಚುವಳು. ಅವಳ ಲೆಕ್ಕವೇ ಬೇರೆ. ಹೊಡೆದಾಟ ಹೇಗಿದೆ, ಹೀರೋ ಎಷ್ಟು ಎತ್ತರ ಹಾರಿದ, ಅದೆಲ್ಲ ಅವಳಿಗೆ ಬೇಡ. ಕೂಗಿದವಳ ಹತ್ತಿರ ಯಾರಾದರೂ ಬಂದರಾ? ಅಷ್ಟೇ. 'ಸೇತುವೆ ಕಾವಲುಗಾರ' ಮೊದಲನೆಯದು, ಏಕೆಂದರೆ ಅದರ ಹೀರೋಗೆ ಹಾರಲು ಬರುವುದಿಲ್ಲ, ಆದರೂ ಗದ್ದಲದ ನಡುವೆ ಒಬ್ಬ ಮುದುಕಿಯ ದನಿ ಕೇಳಿ ಹಿಂದಿರುಗಿ ಓಡಿ ಬರುತ್ತಾನೆ. ಅವನು ಎರಡನೇ ಭಾಗದಲ್ಲಿ ಸೊಕ್ಕಿ ಕೆಟ್ಟ, ಹಾಗಾಗಿ ಅದು ಆರನೆಯದು. 'ಹೊಗೆಹುಡುಗಿ' ಎರಡೋ ಮೂರೋ ಎಂಬ ಬಗ್ಗೆ ಅವಳಿಗೇ ಖಚಿತವಿರಲಿಲ್ಲ. ಕೊನೆಯದು ಮಾತ್ರ ಕಲ್ಲಿನಲ್ಲಿ ಕೊರೆದಂತೆ, 'ಕಂಚಿನ ಹದ್ದು'. ಆ ಸಿನಿಮಾಕ್ಕೆ ಅವಳು ಗಂಟಲಿನಲ್ಲಿ ರಕ್ತ ಬರುವಷ್ಟು ಕಿರುಚಿದ್ದಳು. ಥಿಯೇಟರಿನಲ್ಲಿ ನೋಡಿದರೆ ಹೀರೋ ಗೋಪುರದ ತುದಿಯಲ್ಲಿ ನಿಲುವಂಗಿ ಹಾರಿಸಿಕೊಂಡು ನಿಂತೇ ಇದ್ದಾನೆ, ಬಸ್ಸು ಕೆಳಗೆ ಬಿದ್ದೇಹೋಯಿತು. ಬಸ್ಸಿನಲ್ಲಿದ್ದದ್ದು ಯಾರ ದನಿ ಹಾಗಾದರೆ? ಅವಳಿಗೆ ಎಷ್ಟೋ ದಿನ ಅನ್ನ ಸೇರಲಿಲ್ಲ.

ಅದೇ ಕಂಚಿನ ಹದ್ದು ನೆಲಮಹಡಿಯ ಟೈಲರಣ್ಣನಿಗೆ ಪ್ರಾಣ. ವಯಸ್ಸು ಎಪ್ಪತ್ತು ದಾಟಿದ್ದರೂ ಸೂಪರ್‌ಹೀರೋ ಸಿನಿಮಾ ಎಂದರೆ ಹಲ್ಲಿಲ್ಲದ ಬಾಯಿ ಅಗಲಿಸುವವನು. ಅವನು ನೋಡುತ್ತಿದ್ದದ್ದು ಹೊಲಿಗೆ. ಹದ್ದಿನ ಆ ನಿಲುವಂಗಿ ಬಟ್ಟೆಯನ್ನು ಓರೆಯಾಗಿ ಹಿಡಿದು ಕತ್ತರಿಸಿದ್ದಂತೆ, ಅದಕ್ಕೇ ಗಾಳಿಯಲ್ಲಿ ನೀರಿನ ಹಾಗೆ ಇಳಿಯುತ್ತದಂತೆ. ಇಬ್ಬರ ಜಗಳ ನಡೆಯುತ್ತಿದ್ದದ್ದು ಮೆಟ್ಟಿಲ ಕೆಳಗಿನ ಗೋಡೆಯ ಮೇಲೆ, ಟೈಲರಣ್ಣನ ಬಟ್ಟೆ ಗುರುತಿಸುವ ಸೀಮೆಸುಣ್ಣದಲ್ಲಿ. ಅವನು ಹದ್ದನ್ನು ಮೇಲೆ ಬರೆಯುವನು, ಇವಳು ಸೆರಗಿನಿಂದ ಒರೆಸಿ ಕೆಳಗೆ ಬರೆಯುವಳು.

ಅವತ್ತು ಬೆಳಿಗ್ಗೆಯೂ ಅದೇ ಆಗಿತ್ತು.

"ತಂಗಿ, ಒಂದೇ ಒಂದು ಸಲ ಒಪ್ಕೋ. ಹದ್ದೇ ಮೊದಲು ಅಂತ ನಿನ್ನ ಬಾಯಲ್ಲಿ ಕೇಳಿ ಸಾಯ್ತೀನಿ."

"ನನ್ನ ಕುತ್ತಿಗೆಗೆ ಬಂದ್ರೂ ಆ ಮಾತು ಹೇಳಲ್ಲ ಅಣ್ಣ. ನೀವು ಇನ್ನೂ ನೂರು ವರ್ಷ ಇರ್ಬೇಕಾಗುತ್ತೆ."

"ಆಯ್ತು ಬಿಡು, ಇರ್ತೀನಿ," ಎಂದು ಟೈಲರಣ್ಣ ಒಳಗೆ ಹೋದ.

ಮಧ್ಯಾಹ್ನ ಮಗಳು ಡ್ಯೂಟಿಗೆ ಹೋಗಿದ್ದಳು. ಪುಟ್ಟಿ ಉಂಡು ಮಲಗಿದ್ದಳು. ಅಕ್ಕ ಸಣ್ಣ ಉರಿಯಲ್ಲಿ ಹಾಲಿಟ್ಟು, ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಬಂದಳು. ಕರೆಂಟು ಹೋಗಿತ್ತು. ಆ ಬಾಗಿಲದ್ದು ಒಂದು ಚಾಳಿ, ಜೋರಾಗಿ ಬಡಿದರೆ ಒಳಗಿನ ಚಿಲಕ ತಾನಾಗಿ ಬಿದ್ದುಬಿಡುತ್ತಿತ್ತು. ಅದಕ್ಕೆಂದೇ ಒಂದು ಇಟ್ಟಿಗೆ ಅಡ್ಡ ಇಡುತ್ತಿದ್ದಳು. ಆ ಇಟ್ಟಿಗೆ ಹಿಂದಿನ ದಿನ ಮಷಿನ್ನಿನ ಕಾಲ ಕೆಳಗೆ ಹೋಗಿತ್ತು. ಅವಳು ಮೊದಲ ಬಟ್ಟೆಗೆ ಕೈಹಾಕುವುದಕ್ಕೂ ಗಾಳಿ ಬೀಸುವುದಕ್ಕೂ ಸರಿಹೋಯಿತು. ಬಾಗಿಲು ಬಡಿಯಿತು. ಚಿಲಕ ಬಿದ್ದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಮೊದಲು ತಳ್ಳಿದಳು, ಆಮೇಲೆ ಭುಜ ಕೊಟ್ಟು ಎಷ್ಟೋ ಹೊತ್ತು ಗುದ್ದಿದಳು. ಹಳೇ ಕಾಲದ ಮರ, ಮಿಸುಕಲಿಲ್ಲ. ಫೋನು ಒಳಗಿತ್ತು. ಬಾಗಿಲಿನ ಪಕ್ಕ ಎತ್ತರದಲ್ಲಿ ಹೊಗೆ ಹೋಗಲೆಂದು ಬಿಟ್ಟಿದ್ದ ಕಿಂಡಿಗೆ ಕಂಬಿ ಹಾಕಿತ್ತು. ಬಕೆಟ್ಟು ಬೋರಲು ಹಾಕಿ ಹತ್ತಿ ಇಣುಕಿದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಪಾತ್ರೆಯ ಕೆಳಗೆ ಉರಿ ಇರಲಿಲ್ಲ. ಬಕೆಟ್ಟಿನಿಂದ ಇಳಿದು ಬಾಗಿಲ ಸಂದಿಗೆ ಮೂಗಿಟ್ಟಾಗ ಗ್ಯಾಸಿನ ವಾಸನೆ ಹೊಡೆಯಿತು.

ಗ್ಯಾಸು ನೆಲಕ್ಕಿಳಿಯುತ್ತದೆ, ನೆಲ ಹಿಡಿದೇ ಹರಿಯುತ್ತದೆ ಎಂದು ಸಿಲಿಂಡರು ತರುವವನು ಒಮ್ಮೆ ಹೇಳಿದ್ದ. ಪುಟ್ಟಿ ಮಲಗಿದ್ದದ್ದು ನೆಲದ ಮೇಲೆ. ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಫ್ರಿಜ್ಜು, ಕರೆಂಟು ಬಂದ ಕೂಡಲೇ ಟಕ್ ಎಂದು ಶುರುವಾಗುವ ಹಳೆಯ ಫ್ರಿಜ್ಜು. ಒಂದು ಕಿಡಿ ಸಾಕು. ಕರೆಂಟು ಯಾವಾಗ ಬರುತ್ತದೋ, ಈಗಲೋ, ಇನ್ನೊಂದು ಕ್ಷಣಕ್ಕೋ.

"ಪುಟ್ಟೀ, ಎದ್ದೇಳು ಕಂದಾ," ಎಂದು ಅರಚಿದಳು. ಒಳಗಿನಿಂದ ಸದ್ದಿಲ್ಲ. ಏಳುವುದಾದರೂ ಹೇಗೆ, ಅಜ್ಜಿಯ ಅರಚಾಟಕ್ಕೇ ನಿದ್ದೆ ಮಾಡಿ ಬೆಳೆದ ಮಗು. ನಿದ್ದೆಯೋ, ಇನ್ನೇನೋ? ಆ ಇನ್ನೇನೋ ಎಂಬುದರ ಹತ್ತಿರ ಹೋಗಲು ಅವಳ ಮನಸ್ಸು ಒಪ್ಪಲಿಲ್ಲ.

ಬಾಲ್ಕನಿಯ ಕಟಕಟೆ ಹಿಡಿದು ಬೀದಿಗೆ ಬಗ್ಗಿದಳು. ಬಾಯಿ ತೆರೆದರೆ ಬಂದದ್ದು ಅದೇ ಮಾತು.

"ಅಯ್ಯೋ, ಮಗು ಒಳಗಿದೆ, ಯಾರಾದ್ರೂ ಬನ್ನಿ."

ಅಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವಳು ಎಂದೂ ಕೂಗಿರಲಿಲ್ಲ. ಕರೆಂಟಿಲ್ಲದ ಬೀದಿ ನಿಶ್ಶಬ್ದವಾಗಿತ್ತು, ಪ್ರತಿ ಮನೆಗೂ ಕೇಳಿಸಿತು. ಎದುರು ತಾರಸಿಯಲ್ಲಿ ಬಟ್ಟೆ ಮಡಚುತ್ತಿದ್ದ ಮೇಷ್ಟ್ರ ಹೆಂಡತಿ ತಲೆಯೆತ್ತಿ ನಕ್ಕು, "ಇವತ್ತು ಭಾರೀ ಚೆನ್ನಾಗಿ ಬರ್ತಿದೆ ಅಕ್ಕ" ಎಂದಳು.

"ಇಲ್ಲಮ್ಮ, ನಿಜವಾಗ್ಲೂ. ಇದು ನಾಟಕ ಅಲ್ಲ. ಗ್ಯಾಸು ಸೋರ್ತಿದೆ, ನಾನು ಹೊರಗೆ ಸಿಕ್ಕಿಹಾಕ್ಕೊಂಡಿದೀನಿ."

"ಓ, ಹೊಸ ಸಿನಿಮಾನಾ? ಬಂದಾಗ ಹೇಳಿ, ಹೋಗೋಣ." ಅವಳು ಬಟ್ಟೆ ಬುಟ್ಟಿ ಸೊಂಟಕ್ಕೇರಿಸಿ ಕೆಳಗಿಳಿದುಹೋದಳು. ಹಿಂದಿನ ವಾರವಿಡೀ ಅಕ್ಕ ಅಭ್ಯಾಸ ಮಾಡಿದ್ದ ಮಾತಿನಲ್ಲೂ 'ಇದು ನಾಟಕ ಅಲ್ಲ' ಎಂದೇ ಇತ್ತು. ಇನ್ನೇನು ಮಾಡಿಯಾಳು ಪಾಪ, ಅವಳನ್ನು ಬಯ್ದು ಪ್ರಯೋಜನವಿಲ್ಲ.

ಸೈರನ್ ಅಕ್ಕ ತಾನೇ ಮನೆಮನೆಗೆ ಹೋಗಿ ಎಲ್ಲರ ಕಿವಿ ಮುಚ್ಚಿಸಿ ಬಂದಿದ್ದಳಲ್ಲ. ಬೆಂಕಿ ಎಂದರೂ ಅಷ್ಟೇ, ಸಾಯುತ್ತಿದ್ದೇನೆ ಎಂದರೂ ಅಷ್ಟೇ, ಹೆದರಿದವರು ಆಡುವ ಮಾತೆಲ್ಲ ಅವಳು ಈ ಬೀದಿಗೆ ಮೊದಲೇ ಆಡಿ ಮುಗಿಸಿದ್ದಳು. ಬಳಸದೆ ಉಳಿದ ಒಂದು ಮಾತೂ ಅವಳ ಹತ್ತಿರ ಇರಲಿಲ್ಲ. ಬಾಗಿಲ ಸಂದಿಯ ವಾಸನೆ ಈಗ ನಿಂತಲ್ಲಿಗೇ ಬರುತ್ತಿತ್ತು. ಬಸ್ಸು ಬೀಳುತ್ತದೆ, ಆ ಹದ್ದಿನ ಹೀರೋ ಗೋಪುರದ ಮೇಲೆ ನಿಂತೇ ಇರುತ್ತಾನೆ ಎಂದು ಅವಳಿಗೆ ಅನ್ನಿಸಿತು.

ನೇರ ಕೆಳಗೆ, ತಗಡಿನ ಮಾಡಿನಡಿಯಲ್ಲಿ, ಟೈಲರಣ್ಣನ ಕಾಲುಮಷಿನ್ನು ಓಡುತ್ತಿತ್ತು. ಕರೆಂಟಿನ ಹಂಗಿಲ್ಲದ ಮಷಿನ್ನು. ಅಣ್ಣಾ ಎಂದು ಕರೆದಳು. ನಿಲ್ಲಲಿಲ್ಲ. ಕಾಪಾಡಿ ಎಂದಳು. ನಿಲ್ಲಲಿಲ್ಲ. ಬಟ್ಟೆಯ ಕ್ಲಿಪ್ಪುಗಳನ್ನು ತಗಡಿನ ಮೇಲೆ ಎಸೆದಳು, ಕಾಗೆಯೆಂದುಕೊಂಡು ಅವನು ಒಳಗಿನಿಂದಲೇ ಹುಶ್ ಎಂದ.

ಆಗ ಅವಳಿಗೆ ಬೆಳಗಿನ ಮಾತು ನೆನಪಾಯಿತು. ಕಟಕಟೆಯ ಮೇಲೆ ಹೊಟ್ಟೆಯೂರಿ ಬಗ್ಗಿ, ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದಳು.

"ಅಣ್ಣಾ, ಕಂಚಿನ ಹದ್ದೇ ಮೊದಲು. ಒಪ್ಕೊಂಡೆ. ಹದ್ದೇ ಮೊದಲು."

ಮಷಿನ್ನು ನಿಂತಿತು.

ಟೈಲರಣ್ಣ ಕೊರಳಲ್ಲಿ ಅಳತೆಪಟ್ಟಿ, ತುಟಿಯಲ್ಲಿ ಉರಿಯುವ ಸಿಗರೇಟು ಇಟ್ಟುಕೊಂಡೇ ಹೊರಗೆ ಬಂದು ಕತ್ತೆತ್ತಿ ನೋಡಿದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಬಿಳಿಚಿಕೊಂಡಿತ್ತು.

"ಏನಾಯ್ತು ತಂಗಿ? ಯಾಕೆ ಹಾಗಂದೆ?"

"ಸಿಗರೇಟು ಬಿಸಾಕಿ. ಮನೇಲಿ ಗ್ಯಾಸು ತುಂಬಿದೆ, ಪುಟ್ಟಿ ಒಳಗಿದ್ದಾಳೆ, ಬಾಲ್ಕನಿ ಬಾಗಿಲು ಹಾಕ್ಕೊಂಡಿದೆ. ಮೊದಲು ಮೆಟ್ಟಿಲ ಹತ್ರ ನಮ್ಮ ಮೇನ್ ಸ್ವಿಚ್ ಆರಿಸಿ. ಆಮೇಲೆ ಬೀಗದಕೈ ತಗೊಂಡು ಬನ್ನಿ. ಒಳಗೆ ಯಾವ ಸ್ವಿಚ್ಚೂ ಮುಟ್ಬೇಡಿ."

ಅವನು ಸಿಗರೇಟನ್ನು ನೀರಿನ ತೊಟ್ಟಿಗೆ ಎಸೆದು ಒಳಗೆ ಓಡಿದ. ಇನ್ನೊಂದು ಬೀಗದಕೈಯನ್ನು ಮಗಳು ಅವನ ಹತ್ತಿರವೇ ಬಿಟ್ಟು ಹೋಗುತ್ತಿದ್ದಳು. ಆದರೆ ಅವನ ಮೊಣಕಾಲು ಹೋಗಿ ವರ್ಷಗಳೇ ಆಗಿದ್ದವು, ಮೂರು ಮಹಡಿ ಹತ್ತಬೇಕು. ಅಕ್ಕ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಆಗಲೇ ಪಕ್ಕದ ಕಟ್ಟಡದಲ್ಲಿ ನೀರಿನ ಪಂಪು ಗುಂಯ್ ಎಂದಿತು, ಎಲ್ಲೋ ರೇಡಿಯೋ ಹಾಡಿತು. ಕರೆಂಟು ಬಂದಿತ್ತು. ಅವಳು ಕಣ್ಣು ಮುಚ್ಚಿ ಫ್ರಿಜ್ಜಿನ ಟಕ್ ಸದ್ದಿಗೆ ಕಾದಳು. ಕೂಗಲು ಬಾಯಿ ತೆರೆದಿದ್ದಳು, ದನಿ ಹೊರಡಲಿಲ್ಲ. ಹುಟ್ಟಿದಾಗಿನಿಂದ ಹೆದರಿದ್ದೆಲ್ಲ ಏನೂ ಅಲ್ಲ, ಹೆದರಿಕೆಯೆಂದರೆ ಇದು ಎಂದು ಆಗ ತಿಳಿಯಿತು.

ಫ್ರಿಜ್ಜು ಸುಮ್ಮನಿತ್ತು. ಅವನು ಮೇನ್ ಸ್ವಿಚ್ ಆರಿಸಿದ್ದ.

ಎಷ್ಟೋ ಹೊತ್ತಿನ ಮೇಲೆ ಮುಂಬಾಗಿಲ ಬೀಗ ತಿರುಗಿದ ಸದ್ದು. ಕೆಮ್ಮು. ಎಳೆದೆಳೆದು ಇಡುವ ಹೆಜ್ಜೆ. ಒಲೆಯ ಗುಂಡಿ ತಿರುಗಿಸಿದ ಸದ್ದು. ಕಿಟಕಿಗಳು ಒಂದೊಂದಾಗಿ ತೆರೆದ ಸದ್ದು. ಮಗುವಿನ ಸದ್ದು ಮಾತ್ರ ಇಲ್ಲ. ಚಿಲಕ ಸರಿಯಿತು. ಟೈಲರಣ್ಣ ಒಂದು ಕೈಯಲ್ಲಿ ಪುಟ್ಟಿಯನ್ನು ಎದೆಗವಚಿಕೊಂಡು, ಇನ್ನೊಂದರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮಗುವಿನ ತಲೆ ಅವನ ಭುಜದ ಮೇಲೆ ವಾಲಿತ್ತು. ಅಕ್ಕ ಕಿತ್ತುಕೊಂಡು ಬಾಲ್ಕನಿಯ ಗಾಳಿಗೆ ಹಿಡಿದಳು. ಕೆನ್ನೆ ತಟ್ಟಿದಳು, ಹೆಸರು ಹಿಡಿದು ಕರೆದಳು, ಮೆಲ್ಲಗೆ, ಕಿವಿಯ ಹತ್ತಿರ. ಆ ಮೆಲುದನಿ ಪುಟ್ಟಿಗೆ ಹೊಸದು. ಮೂಗು ಸುಕ್ಕುಗಟ್ಟಿಸಿ, ಒಂದು ಸಲ ಕೆಮ್ಮಿ, ಯಾಕೆ ಎಬ್ಬಿಸಿದಿರಿ ಎಂಬಂತೆ ದೊಡ್ಡ ದನಿ ತೆಗೆದು ಅತ್ತಳು.

"ಅಜ್ಜೀದೇ ಗಂಟಲು," ಎಂದು ಟೈಲರಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮಗಳು ಬಂದು, ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಅಕ್ಕ ಪುಟ್ಟಿಯನ್ನು ಮಡಿಲಿನಿಂದ ಇಳಿಸಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮೆಟ್ಟಿಲ ಕೆಳಗಿನ ಗೋಡೆಯ ಹತ್ತಿರ ಹೋಗಿ, ಸೆರಗಿನಿಂದ ಎಲ್ಲವನ್ನೂ ಒರೆಸಿ, ತಾನೇ ಕೈಯಾರೆ ಎಲ್ಲಕ್ಕಿಂತ ಮೇಲೆ 'ಕಂಚಿನ ಹದ್ದು' ಎಂದು ಬರೆದಳು. ಋಣ ತೀರಿಸುವುದು ಹೇಗೆಂದು ಅವಳಿಗೆ ಬೇರೆ ತೋಚಲಿಲ್ಲ.

ಟೈಲರಣ್ಣ ಕುಂಟುತ್ತ ಬಂದು ನೋಡಿದ. ಇಷ್ಟು ವರ್ಷ ಆಸೆಪಟ್ಟದ್ದು ಅವಳದೇ ಅಕ್ಷರದಲ್ಲಿ ಕಣ್ಣೆದುರಿಗಿತ್ತು. ಆಮೇಲೆ ಅಂಗೈಯಿಂದ ಅದನ್ನು ಒರೆಸಿ, ಮೊಣಕಾಲು ಹಿಡಿದುಕೊಂಡು ಬಗ್ಗಿ, ಗೋಡೆಯ ತೀರಾ ಕೆಳಗೆ, ನೆಲಕ್ಕೆ ತಾಗುವಂತೆ ಬರೆದ.

"ಯಾಕಣ್ಣ? ಮನಸಾರೆ ಬರೆದಿದ್ದೆ."

"ಬೇಡ ತಂಗಿ, ಅದು ಕೊನೇಲೇ ಇರ್ಲಿ," ಎಂದ ಟೈಲರಣ್ಣ, ಸೀಮೆಸುಣ್ಣ ಜೇಬಿಗೆ ಹಾಕಿಕೊಳ್ಳುತ್ತ. "ನಾಳೆ ನೀನು ನಿಜವಾಗಿ ಕೂಗಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"