ಸೋಮವಾರದ ಪಂಚಾಮೃತ

ನಮ್ಮಣ್ಣ ಕುಡಿಯುವವನಲ್ಲ. ಬೀಡಿಯನ್ನೂ ಮುಟ್ಟಿದವನಲ್ಲ. ಆದರೂ ಅವನ ಲಿವರ್ ಕೆಟ್ಟಿದೆ ಎಂದು ಗೊತ್ತಾದಾಗ ಊರಿನವರು ಒಂದು ಥರ ನಕ್ಕರು. ಆ ನಗೆ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ಸೇರಿಕೊಂಡು ವರ್ಷಗಳಾಗಿದ್ದವು. ಅದು ಕ್ಯಾನ್ಸರಿಗೆ ತಿರುಗಬಹುದೆಂದು ಆರು ತಿಂಗಳಿಗೊಮ್ಮೆ ಕೊಯಮತ್ತೂರಿಗೆ ಇಳಿದು ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಿದ್ದ.

ಕಳೆದ ವರ್ಷ ಅಲ್ಲಿನ ಡಾಕ್ಟರು ಹೊಸ ರಕ್ತಪರೀಕ್ಷೆಯೊಂದರ ಅಧ್ಯಯನಕ್ಕೆ ಅವನನ್ನೂ ಸೇರಿಸಿಕೊಂಡರು. ಲಿವರ್ ಎಂದರೆ ಮೈಯ ಅಡುಗೆಮನೆ, ಒಳಗೆ ಏನೋ ಸೀಯುತ್ತಿದ್ದರೆ ಹೊರಗೆ ವಾಸನೆ ಬರುವುದಿಲ್ಲವೇ ಎಂದು ನಮಗೆ ಬಿಡಿಸಿ ಹೇಳಿದರು. ಗಡ್ಡೆ ಮಾಮೂಲಿ ಸ್ಕ್ಯಾನಿಗೆ ಕಾಣುವಷ್ಟು ಬೆಳೆಯುವ ಮೊದಲೇ ರಕ್ತದಲ್ಲಿರುವ ಪಿತ್ತದ, ಕೊಬ್ಬಿನ ಸಣ್ಣ ಸಣ್ಣ ಅಂಶಗಳು ಹೆಚ್ಚುಕಡಿಮೆಯಾಗುತ್ತವಂತೆ. ಒಂದೇ ಷರತ್ತು. ಹನ್ನೆರಡು ಗಂಟೆ ನೀರೊಂದನ್ನು ಬಿಟ್ಟು ಹೊಟ್ಟೆಗೆ ಏನೂ ಹೋಗಬಾರದು. ತಿಂದರೆ ಅವುಗಳಲ್ಲಿ ಕೆಲವು ಕೈಗೆ ಸಿಗದೆ ಅಡಗಿಬಿಡುತ್ತವೆ.

ರಕ್ತ ತೆಗೆಯಲು ಸೋಮವಾರ ಬೆಳಿಗ್ಗೆ ನರ್ಸ್ ಬೆಟ್ಟದ ಮೇಲಿನ ನಮ್ಮ ತಾಳವಾಡಿಗೇ ಬಂದು, ಐಸ್ ಪೆಟ್ಟಿಗೆಯಲ್ಲಿಟ್ಟು ಘಾಟಿ ಇಳಿಸುತ್ತಿದ್ದರು. ಅಣ್ಣನಿಗೆ ನಾನು ಕಾವಲು. ನಾನು ಟೀಚರ್ ಬೇರೆ, ಏಳನೇ ತರಗತಿಗೆ ಜೀರ್ಣಾಂಗದ ಪಾಠ ಮಾಡುವವಳು. ಅವನ ಸರದಿಯ ದಿನ ಕಾಫಿ ಹಿಡಿದು ಬಂದ ಅತ್ತಿಗೆಯನ್ನು ಗದರಿ ಒಳಗೆ ಕಳಿಸಿದೆ. ಆಮೇಲೆ ಲಿಂಗಪೂಜೆ ಮುಗಿಸಿ, ಪ್ರತಿ ಸೋಮವಾರದಂತೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಗೆ ಬಾಳೆಹಣ್ಣು ಹಿಸುಕಿದ ಪಂಚಾಮೃತವನ್ನು ಅಣ್ಣನ ಅಂಗೈಗೆ ಹಾಕಿದೆ. ಹಸಿದಿದ್ದ, ಮತ್ತೆ ಕೈಯೊಡ್ಡಿದ. ಲೋಟಕ್ಕೇ ಬಗ್ಗಿಸಿ ಕೊಟ್ಟೆ. ಗಟಗಟ ಕುಡಿದು ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತ.

"ಏದಾವದು ಸಾಪ್ಟೀಂಗಳಾ?" ಏನಾದರೂ ತಿಂದಿರಾ ಎಂದು ನರ್ಸ್ ತಮಿಳಿನಲ್ಲಿ ಕೇಳಿದರು.

"ತಣ್ಣಿ ಮಟ್ಟುಂ" ಎಂದೆ. ಬರೀ ನೀರು. ಸುಳ್ಳು ಹೇಳುತ್ತಿದ್ದೇನೆ ಎಂದು ಒಂಚೂರೂ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಪ್ರಸಾದವನ್ನು ತಿಂಡಿ ಎಂದುಕೊಂಡವರೇ ಇಲ್ಲ. ಅದನ್ನು ತೆಗೆದುಕೊಂಡೇ ನಾವು ಉಪವಾಸ ಹಿಡಿಯುವುದು.

ಎರಡು ವಾರದ ಮೇಲೆ ಫೋನ್ ಬಂತು. ಸ್ಕ್ಯಾನಿನಲ್ಲೂ ಏನಿಲ್ಲ, ರಕ್ತದಲ್ಲೂ ಏನಿಲ್ಲ, ಆರು ತಿಂಗಳು ಬಿಟ್ಟು ಬನ್ನಿ. ಅತ್ತಿಗೆ ಅತ್ತೇಬಿಟ್ಟಳು. ಕೋಸಿನ ಹೊಲಕ್ಕೆ ಹೊರಟ ಅಣ್ಣ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದ. ಅಂದು ನಕ್ಕವರಿಗೆ ಎರಡೆರಡು ಸಲ ಹೇಳಿದ.

ಮುಂದಿನ ಸೋಮವಾರ ಪಕ್ಕದ ಮನೆಯ ದೊಡ್ಡವ್ವನಿಗೆ ಪಂಚಾಮೃತ ಕೊಡಹೋದೆ. ಆಕೆ ಒಂದು ತೊಟ್ಟು ನಾಲಗೆಗೆ ಹಚ್ಚಿಕೊಂಡು ಕೈ ಹಿಂದಕ್ಕೆಳೆದುಕೊಂಡಳು.

"ಸಾಕು ಕಣವ್ವ. ಓದ್ ವಾರ ಲೋಟದ್ ತುಂಬ ಕುಡುದ್ಬುಟ್ಟು ನೋಡ್ಸುದ್ರೆ ಸುಗರ್ ಏರ್ಕಂಡು ಎಲ್ಲೋ ಓಗ್ಬುಟ್ಟಿತ್ತು."

ಅಣ್ಣ ಗಟಗಟ ಕುಡಿದ ಲೋಟ ನೆನಪಾಯಿತು. ಪ್ರಸಾದ ರಕ್ತಕ್ಕೆ ಸೇರುತ್ತದೆ! ಓದು ಬಾರದ ಆ ಮುದುಕಿಗೆ ಗೊತ್ತಿರುವುದು ಪಾಠ ಹೇಳುವ ನನಗೆ ಹೊಳೆದಿರಲಿಲ್ಲ.

ಮೂರು ದಿನ ಬಾಯಿ ಬಿಡಲಿಲ್ಲ. ನಾಚಿಕೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಅವನ ಮುಖದ ಮೇಲಿನ ನೆಮ್ಮದಿಯನ್ನು ಕಿತ್ತುಕೊಳ್ಳುವ ಧೈರ್ಯ ಬರಲಿಲ್ಲ. ಆರು ತಿಂಗಳಿಗೆ ಹೇಗೂ ಮತ್ತೆ ನೋಡುತ್ತಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಆರು ತಿಂಗಳಲ್ಲಿ ಏನು ಬೇಕಾದರೂ ಆಗಬಹುದು ಎಂಬುದೂ ಗೊತ್ತಿತ್ತು. ಗುರುವಾರ ಸಂಜೆ ಅವನು ಕೈಕಾಲು ತೊಳೆಯುತ್ತಿದ್ದಾಗ ಹೋಗಿ ನಿಂತೆ.

"ಅಣ್ಣ, ಅವತ್ತು ನೀನು ಉಪಾಸ ಇರ್ನಿಲ್ಲ. ನಾನೇ ಪಂಚಾಮುರ್ತ ಕುಡುಸ್ಬುಟ್ಟೆ."

"ಏನವ್ವ ನೀನು! ಶಿವನ್ ಪರ್ಸಾದನೂ ಊಟ ಅಂತೀಯಾ?" ಎಂದು ರೇಗಿದ. ಆಮೇಲೆ ತಂಬಿಗೆ ಕೆಳಗಿಟ್ಟು ಮೆಲ್ಲಗೆ ಕೇಳಿದ, "ಅಂಗಾರೆ ಏನೂ ಇಲ್ಲ ಅಂದದ್ದು ಸುಳ್ಳಾ?"

"ಗೊತ್ತಿಲ್ಲ ಕಣಣ್ಣ. ಇನ್ನೊಂದ್ಸಲ ರಕ್ತ ಕೊಡಾಣ."

ಫೋನಿನಲ್ಲಿ ನರ್ಸ್ ಚೆನ್ನಾಗಿ ಬೈದು, ಬರುವ ಸೋಮವಾರವೇ ಕರೆತರಲು ಹೇಳಿದರು.

ಸೋಮವಾರ ಪೂಜೆ ಮುಗಿಸಿ ಎದ್ದಾಗ, ಅಭ್ಯಾಸ ಬಲದಿಂದ ಅವನು ಕೈಯೊಡ್ಡಿ ನಿಂತಿದ್ದ. ನಾನು ಲೋಟಕ್ಕೆ ತಟ್ಟೆ ಮುಚ್ಚಿದೆ. ಬೇಡಿದವರಿಗೆ ಪ್ರಸಾದ ಇಲ್ಲವೆಂದದ್ದು ಹುಟ್ಟಿದಂದಿನಿಂದ ಅದೇ ಮೊದಲು. ಅವನು ಒಣಗೈಯನ್ನು ಪಂಚೆಗೆ ಒರೆಸಿಕೊಂಡು ಹೊರಗೆ ನಡೆದ.

ಆ ಸಲದ ರಕ್ತ ಸರಿಯಿರಲಿಲ್ಲ. ಕೂಡಲೇ ಕರೆಸಿ ದೊಡ್ಡ ಸ್ಕ್ಯಾನ್ ಮಾಡಿದರು. ಲಿವರಿನ ಒಂದು ಮೂಲೆಯಲ್ಲಿ ಅವರೆಕಾಳಿನಷ್ಟು ಗಡ್ಡೆ, ಕ್ಯಾನ್ಸರೇ. ಇಷ್ಟು ಚಿಕ್ಕದಿದ್ದಾಗ ಸಿಕ್ಕಿದ್ದು ಪುಣ್ಯ ಎಂದು ಡಾಕ್ಟರು ಸೂಜಿ ತೂರಿಸಿ ಅದನ್ನು ಸುಟ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ಅತ್ತದ್ದು ಆ ಗಡ್ಡೆಗಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದ ಮೂರು ದಿನಗಳಿಗೆ.

ಈಗ ಮೂರು ತಿಂಗಳಿಗೊಮ್ಮೆ ಅಣ್ಣ ರಕ್ತ ಕೊಡುತ್ತಾನೆ. ಆ ಬೆಳಿಗ್ಗೆಯೂ ಪೂಜೆಗೆ ಬರುತ್ತಾನೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

"ನೀನೇ ಕೊಟ್ರೂ ಬ್ಯಾಡ ಕಣವ್ವ. ಬಂದ್ಮೇಲ್ ಕುಡೀತಿನಿ, ಮುಚ್ಚಿಡು" ಅನ್ನುತ್ತಾನೆ.

ಮುಚ್ಚಿಡುತ್ತೇನೆ. ಅವನು ಬರುವ ತನಕ ನಾನೂ ಕುಡಿಯುವುದಿಲ್ಲ.