ಸವೆದ ಮೂಗಿನ ದೇವಿ

ಕೈಕಾಲು ಮುರಿದ ದೇವರುಗಳನ್ನು ಸರಿಮಾಡುವವನೆಂದು ಹಳೇ ವಿಗ್ರಹಗಳ ಅಂಗಡಿಯಲ್ಲಿ ಅವನಿಗೆ ಡಾಕ್ಟರು ಎಂದೇ ಹೆಸರು. ಮೂವತ್ತೆಂಟು ವರ್ಷದಿಂದ ಅದೇ ಹಿಂದಿನ ಕೋಣೆ, ಅದೇ ಮೇಜು, ಅದೇ ಇಕ್ಕಳ. ಮೊದಮೊದಲು ವಿಗ್ರಹ ಮುಟ್ಟುವ ಮುನ್ನ ಕೈ ತೊಳೆದು ಕಣ್ಣಿಗೊತ್ತಿಕೊಳ್ಳುತ್ತಿದ್ದನಂತೆ. ಈಗ ಕೃಷ್ಣನನ್ನು ತಲೆಕೆಳಗಾಗಿ ಇಕ್ಕಳಕ್ಕೆ ಸಿಕ್ಕಿಸಿ ಪಕ್ಕದಲ್ಲೇ ಚಹಾ ಕುಡಿಯುತ್ತಾನೆ. ತಪ್ಪೇನು ಅನ್ನಿ, ದಿನಾ ರೋಗಿಗಳನ್ನು ನೋಡುವ ಡಾಕ್ಟರು ಪ್ರತಿಯೊಬ್ಬನಿಗೂ ಅಳುತ್ತಾ ಕೂತರೆ ಆದೀತೇ? ಭಕ್ತಿ ಯಾವಾಗ ಹೋಯಿತೆಂದು ಅವನಿಗೇ ಗೊತ್ತಿಲ್ಲ. ಹೋದದ್ದಕ್ಕೆ ಬೇಸರವೂ ಇಲ್ಲ.

ಆ ವ್ಯಾಪಾರದ ರೀತಿಯೇ ವಿಚಿತ್ರ. ಮುಖ ಸವೆದ ವಿಗ್ರಹವೆಂದರೆ ತಲೆಮಾರುಗಟ್ಟಲೆ ಅಭಿಷೇಕ ಮಾಡಿಸಿಕೊಂಡು, ಒರೆಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡ ವಿಗ್ರಹ. ಕೈ ಮುರಿದರೆ ಪೂಜೆಗೆ ಬಾರದು. ಮುಖ ಸವೆದರೆ ದೋಷವಲ್ಲ, ಅದು ಪೂಜೆಯೇ ಮೂಡಿಸಿದ ಗುರುತು. ಅಂಗಡಿಯ ಸಾಹುಕಾರ ಈ ಮಾತನ್ನು ಗಿರಾಕಿಗಳಿಗೆ ಕೈಮುಗಿದು ಹೇಳುತ್ತಾನೆ. ಅವರು ಹೌದೌದೆಂದು ತಲೆಯಾಡಿಸಿ, ಕಣ್ಣು ಮೂಗು ನೆಟ್ಟಗಿರುವುದನ್ನೇ ಕೊಳ್ಳುತ್ತಾರೆ. ಹಾಗಾಗಿ ಸವೆದ ಮುಖ ಬಂದರೆ ಸಣ್ಣ ಉಳಿ ಹಿಡಿದು ಹೊಸದಾಗಿ ತಿದ್ದುವುದು ಡಾಕ್ಟರ ಕೆಲಸ.

ಅವನನ್ನು ಸಾಕಿದ್ದು ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಈಗ ಅವಳಿಗೆ ಎಪ್ಪತ್ತೆರಡು, ಕಣ್ಣು ಹೋಗಿಯೇ ಹನ್ನೊಂದು ವರ್ಷವಾಯಿತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರೇ. ಅಜ್ಜಿಯ ಕಾಲದ ಗೇಣುದ್ದದ ಕಂಚಿನ ದೇವಿಯೊಂದು ಅವಳ ಬಳಿಯಿತ್ತು. ಬೆಳಿಗ್ಗೆ ಅದರ ಮುಖವನ್ನು ಹೆಬ್ಬೆರಳಿನಿಂದ ಸವರಿದರೆ ಅದೇ ಅವಳಿಗೆ ದರ್ಶನ. ಮೂಗಿದ್ದ ಕಡೆ ಸಣ್ಣದೊಂದು ಉಬ್ಬು, ಕಣ್ಣಿದ್ದ ಕಡೆ ನುಣುಪು, ಅಷ್ಟೆ. ಅಮ್ಮನ ಬೆರಳೂ ಇಲ್ಲೇ ಓಡಾಡಿದ್ದು ಕಣೋ ಎನ್ನುತ್ತಿದ್ದಳು. ಇವನು ಹೂಂಗುಟ್ಟುತ್ತಿದ್ದ.

ಒಂದು ದಿನ ದೇವಿ ಪೀಠದಿಂದ ಸಡಿಲವಾಗಿ ಅಲುಗತೊಡಗಿತು. ಬಿದ್ದು ಕೈ ಮುರಿದರೆ ಪೂಜೆಗೇ ಬಾರದಲ್ಲ ಎಂದು ಅಕ್ಕನಿಗೆ ಚಿಂತೆ ಹತ್ತಿತು. ಪೀಠ ಒಂದಿಷ್ಟು ಭದ್ರ ಮಾಡಿಸಿಕೊಂಡು ಬಾ ಎಂದು ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು.

ಅಂದು ಅಂಗಡಿಯ ಮೇಜಿನ ಮೇಲೆ ಸವೆದ ಮುಖದವು ಇನ್ನೂ ಮೂರು ಕಾದಿದ್ದವು. ಮೊದಲು ದೇವಿಯ ಪೀಠಕ್ಕೆ ಬೆಸುಗೆ ಹಾಕಿದ. ಆಮೇಲೆ ಕೈ ತನ್ನ ಪಾಡಿಗೆ ತಾನು ಉಳಿ ಎತ್ತಿಕೊಂಡಿತು. ಕಣ್ಣು ಬಿಡಿಸಿದ, ಮೂಗಿನ ಎರಡೂ ಬದಿ ಕೊರೆದು ಚೂಪು ಮಾಡಿದ, ತುಟಿ ತಿದ್ದಿದ. ಅರದಿಂದ ಉಜ್ಜಿ, ಬಟ್ಟೆಯಲ್ಲಿ ತಿಕ್ಕಿ, ಸುತ್ತಿಡಲೆಂದು ಸೀರೆಯ ತುಂಡು ಕೈಗೆತ್ತಿಕೊಂಡಾಗಲೇ ಇದು ಅಕ್ಕನದ್ದೆಂದು ಹೊಳೆದದ್ದು. ಎದೆ ಝಲ್ಲೆನ್ನಲಿಲ್ಲ, ಏನೂ ಆಗಲಿಲ್ಲ. ಚೆನ್ನಾಗೇ ಬಂದಿದೆಯಲ್ಲ ಎಂದುಕೊಂಡು ಬಸ್ಸು ಹತ್ತಿದ.

ಅಕ್ಕ ವಿಗ್ರಹವನ್ನು ಮಡಿಲಲ್ಲಿಟ್ಟುಕೊಂಡು ಅಲುಗಿಸಿ ನೋಡಿದಳು. ಗಟ್ಟಿಯಾಗಿತ್ತು. ಮುಖ ಅರಳಿತು, ಹೆಬ್ಬೆರಳು ದೇವಿಯ ಮುಖಕ್ಕೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಇದು ಯಾರೋ?" ಎಂದಳು.

ನಿನ್ನದೇ ಅಕ್ಕ ಎಂದ. ಅವಳು ನಂಬಲಿಲ್ಲ. ಹಳೆಯದರ ಅಚ್ಚು ತೆಗೆದು ಹೊಸದನ್ನು ಎರಕ ಹೊಯ್ಯುವುದೂ ಅಂಗಡಿಯಲ್ಲಿ ಉಂಟೆಂದು ಇವನೇ ಎಂದೋ ಊಟಕ್ಕೆ ಕೂತಾಗ ನಗುತ್ತಾ ಹೇಳಿದ್ದ. ಕುರುಡಿಗೇನು ತಿಳಿಯುತ್ತೆ ಅಂತ ಹೊಸದು ತಂದಿಟ್ಟೆಯಾ, ನನ್ನ ದೇವೀನ ಮಾರಿಬಿಟ್ಟೆಯಾ ಎಂದು ಕೇಳಿದಳು. ದನಿ ಏರಲಿಲ್ಲ.

ಇದು ಅದೇ ಎಂದು ಅವಳಿಗೆ ತೋರಿಸಲು ಇದ್ದ ಒಂದೇ ಸಾಕ್ಷಿ ಆ ಸವೆದ ಮುಖ. ಅದರ ಪುಡಿಯನ್ನು ಮಧ್ಯಾಹ್ನವೇ ಮೇಜಿನಿಂದ ಉಫ್ ಎಂದು ಊದಿದ್ದ. ಅಳು ಬರಬೇಕಿತ್ತು, ಬರಲಿಲ್ಲ. ಒಳಗೆ ಎಷ್ಟು ತಡಕಿದರೂ ಏನೂ ಸಿಗಲಿಲ್ಲ. ಒಂದು ಮಾತ್ರ ಗೊತ್ತಾಯಿತು. ನಿಜ ಹೇಳಿದರೆ, ಆ ಮುಖ ಇನ್ನು ಲೋಕದಲ್ಲೆಲ್ಲೂ ಇಲ್ಲವೆಂದು ಅಕ್ಕ ತಿಳಿಯಬೇಕಾಗುತ್ತದೆ.

"ಹೌದಕ್ಕ, ಮಾರ್ಬಿಟ್ಟೆ," ಎಂದ.

ಅಕ್ಕ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ತಗೊಂಡವ್ರು ಪೂಜೆ ಮಾಡೋ ಜನಾನಾ?"

"ಮಾಡ್ತಾರಂತೆ. ದಿನಾ."

"ಮುಖ ತಿದ್ಬೇಡಿ ಅಂತ ಹೇಳು ಅವ್ರಿಗೆ," ಎಂದು ಅವಳು ಮಡಿಲಲ್ಲಿದ್ದುದನ್ನು ಎತ್ತಿ ನೆಲಕ್ಕಿಟ್ಟಳು.